ತಾತ ಟೈಪು ಮಾಡದೆ ಬಿಟ್ಟ ಮಾತು

ಬಟ್ಟೆ ಒಗೆಯುವ ಯಂತ್ರಕ್ಕೆ ಒಂದು ಕೆಟ್ಟ ಗುಣ ಇದೆ. ಅಂಗಡಿ ಖಾಲಿ ಇದ್ದ ದಿನ ಅದು ಕೆಡುವುದಿಲ್ಲ. ಗಿರಾಕಿಗಳು ಗಂಟು ಹಿಡಿದುಕೊಂಡು ಸಾಲಾಗಿ ನಿಂತ ದಿನವೇ ಕೆಡುತ್ತದೆ. ಮಾರುಕಟ್ಟೆ ಬೀದಿಯ ಲಾಂಡ್ರಿಯಲ್ಲೂ ಆಗಿದ್ದು ಅದೇ. ಅಂಗಡಿಯ ದೊಡ್ಡ ಯಂತ್ರಕ್ಕೆ ಮನೆಯವರು ಡೊಳ್ಳಪ್ಪ ಎಂದು ಹೆಸರಿಟ್ಟಿದ್ದರು. ಆ ಡೊಳ್ಳಪ್ಪ ಒಂದು ಹೋಟೆಲಿನ ಬೆಡ್‌ಶೀಟುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ಗಡಗಡ ನಡುಗಿ, ನೆಲದ ತುಂಬ ನೊರೆ ಕಕ್ಕಿ, ಸುಮ್ಮನೆ ನಿಂತುಬಿಟ್ಟ.

“ರಿಪೇರಿಯವನು ಏನಂದ?” ಮೂಲೆಯ ಕುರ್ಚಿಯಿಂದ ತಾತ ಕೇಳಿದರು.

“ನಾಳೆ ಬರ್ತೀನಿ ಅಂದ,” ಅಂದಳು ಮಗಳು. ಲಾಂಡ್ರಿ ಅವಳದು. ಸೆರಗು ಸಿಕ್ಕಿಸಿಕೊಂಡು ನೊರೆ ಬಳಿಯುತ್ತಿದ್ದಳು.

“ನಿನ್ನೆ ನಡುಗೋಕೆ ಶುರುವಾದಾಗ್ಲೂ ಹಾಗೇ ಅಂದಿದ್ನಲ್ಲ?”

“ಅವನ ನಾಳೆ ಯಾವತ್ತಿದ್ರೂ ನಾಳೇನೇ ಅಪ್ಪ.”

ಅಷ್ಟರಲ್ಲಿ ಡೊಳ್ಳಪ್ಪನ ಬೆನ್ನ ಹಿಂದಿನಿಂದ ಒಂದು ತಲೆ ಹೊರಗೆ ಬಂತು. ಕೆನ್ನೆಯ ಮೇಲೆ ಗ್ರೀಸು, ಬಾಯಲ್ಲಿ ಸ್ಕ್ರೂ. ಅದು ಮೊಮ್ಮಗಳು ಚೂಟಿ. “ಪೈಪು ಕಿತ್ಕೊಂಡಿತ್ತು, ಹಾಕ್ದೆ. ಆದ್ರೆ ಈ ನಡುಗೋದಿದೆಯಲ್ಲ, ಅದೇನು ಅಂತ ಗೊತ್ತಾಗ್ತಿಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಚೂಟಿ ಯಾವಾಗಲೂ ಗಟ್ಟಿಯಾಗಿಯೇ ಮಾತಾಡುವುದು. ಚಿಕ್ಕಂದಿನಲ್ಲಿ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ. ತಾತನ ದಪ್ಪ ಮೀಸೆಯ ಕೆಳಗೆ ತುಟಿ ಕಾಣುವುದಿಲ್ಲ ಎಂದು ಅವಳು ಪುಟ್ಟವಳಿದ್ದಾಗ ಒಮ್ಮೆ ಅತ್ತಿದ್ದಳು. ಮರುದಿನ ತಾತ ಮೀಸೆ ಬೋಳಿಸಿಕೊಂಡು ಬಂದು ಅವಳ ಮುಂದೆ ಕೂತರು. ಕಚೇರಿಯವರೆಲ್ಲ ನಕ್ಕರೂ ಮತ್ತೆ ಬೆಳೆಸಲಿಲ್ಲ. ಮೊಮ್ಮಗಳು ಅಂದರೆ ಅವರಿಗೆ ಅಷ್ಟು ಪ್ರಾಣ.

ಚೂಟಿಗೆ ರಿಪೇರಿ ಕೆಲಸವೇ ಕಲಿಯಬೇಕೆಂಬ ಹಟ. ತರಬೇತಿ ಕೇಂದ್ರಕ್ಕೂ ಸೇರಿದ್ದಳು. ಅಲ್ಲಿ ಪಾಠವೆಲ್ಲ ವಿಡಿಯೋದಲ್ಲಿ. ಮೇಷ್ಟ್ರು ಬಲು ಚೆನ್ನಾಗಿ ಹೇಳುತ್ತಾರಂತೆ, ಕೇಳಿದವರೆಲ್ಲ ಹೊಗಳುತ್ತಾರೆ. ಆದರೆ ಕೇಳಿದವರು ತಾನೇ!

“ಮೇಷ್ಟ್ರು ನನ್ನ ಕಡೆ ನೋಡೋವರೆಗೂ ಸರಿ ತಾತ,” ಅಂದಳು ಚೂಟಿ. “ಯಂತ್ರದ ಕಡೆ ತಿರುಗಿದ್ರೋ, ಆಮೇಲೆ ಅವ್ರ ಬೆನ್ನು ಪಾಠ ಮಾಡುತ್ತೆ. ಬೆನ್ನಿಗೆ ತುಟಿ ಎಲ್ಲಿಂದ ತರ್ಲಿ?”

ಪ್ರಾಯೋಗಿಕ ಪರೀಕ್ಷೆ ಹತ್ತಿರ ಬರುತ್ತಿತ್ತು. ಓಡುತ್ತಿರುವ ಯಂತ್ರದಲ್ಲಿ ಕೆಟ್ಟಿರುವ ಬೇರಿಂಗ್ ಯಾವುದೆಂದು ಪತ್ತೆ ಮಾಡಬೇಕು. ಅದರಲ್ಲಿ ಪಾಸಾದರೆ ಸರ್ಟಿಫಿಕೇಟು, ಕೈಗೆ ಕೆಲಸ. ಇಲ್ಲದಿದ್ದರೆ ಇಲ್ಲ.

ಆ ಹೊತ್ತಿಗೆ ಸರಿಯಾಗಿ ಪರದೆಗಳ ಗಂಟು ಹೊತ್ತುಕೊಂಡು ಲೈಬ್ರರಿ ಅಕ್ಕ ಬಂದಳು. ಬೀದಿಯ ಕೊನೆಯಲ್ಲಿರುವ ಲೈಬ್ರರಿ ನೋಡಿಕೊಳ್ಳುವುದು ಅವಳೇ. ಚೂಟಿಯ ಮುಖ ಸಪ್ಪಗಿರುವುದನ್ನು ನೋಡಿ ವಿಷಯ ಕೇಳಿದಳು. ಕೇಳಿ, ಗಂಟು ಅಲ್ಲೇ ಕೆಳಗಿಟ್ಟು ನಕ್ಕಳು.

“ಇಷ್ಟೇನಾ? ಆ ಪಾಠಗಳನ್ನ ಬರೆದು ಕೊಡೋ ಒಂದು ಗುಂಪಿದೆ ಕಣೇ. ನಾನೂ ಅದರಲ್ಲಿದ್ದೀನಿ. ಎಲ್ಲ ಆನ್‌ಲೈನ್. ವಿಡಿಯೋನ ಸಣ್ಣ ಸಣ್ಣ ತುಂಡು ಮಾಡಿ ಇಟ್ಟಿರ್ತಾರೆ. ಒಬ್ಬೊಬ್ಬರು ಒಂದೊಂದು ತುಂಡು ತಗೊಂಡು, ಕೇಳಿ, ಟೈಪ್ ಮಾಡ್ತಾರೆ. ಇನ್ನೊಬ್ಬರು ಅದನ್ನ ಮತ್ತೆ ವಿಡಿಯೋ ಜೊತೆ ಹೋಲಿಸಿ ತಿದ್ದುತ್ತಾರೆ. ಆಮೇಲೆ ಮಾತು ಬಂದ ಹೊತ್ತಿಗೆ ಸರಿಯಾಗಿ ಅಕ್ಷರ ಪರದೆಯ ಕೆಳಗೆ ಓಡುತ್ತೆ. ಪಾಠ ಮಾಡಿದವರ ಒಪ್ಪಿಗೆ ತಗೊಂಡೇ ಮಾಡೋದು.”

“ಸಂಬಳ ಎಷ್ಟು?” ತಾತ ಕೇಳಿದರು.

“ಸಂಬಳ ಗಿಂಬಳ ಇಲ್ಲ ತಾತ. ಬಿಡುವಿದ್ದವರು ಮಾಡೋದು.”

ತಾತ ಕುರ್ಚಿಯಲ್ಲಿ ಒರಗಿಕೊಂಡರು. ಅನುಮಾನ ಪಡುವುದೆಂದರೆ ಅವರಿಗೆ ಬಿಸಿ ಚಹಾ ಕುಡಿದಷ್ಟು ಖುಷಿ. “ಪುಕ್ಕಟೆ ಕೆಲಸ ಮಾಡೋರು ಯಾರಮ್ಮ ಈ ಕಾಲದಲ್ಲಿ? ಮುಖ ಮೂತಿ ಗೊತ್ತಿಲ್ಲದೋರು ಏನೋ ಗೀಚಿರ್ತಾರೆ. ಅದನ್ನ ನಂಬ್ಕೊಂಡು ನಮ್ಮ ಹುಡುಗಿ ಕರೆಂಟಿನ ಯಂತ್ರಕ್ಕೆ ಕೈ ಹಾಕ್ಬೇಕಾ?”

“ಅದಕ್ಕೇ ಅಲ್ವಾ ಇನ್ನೊಬ್ಬರು ತಿದ್ದೋದು?”

“ಈಗ ಕಂಪ್ಯೂಟರೇ ಎಲ್ಲ ಬರ್ಕೊಳ್ಳುತ್ತಂತೆ. ನಿಮಗ್ಯಾಕೆ ಈ ಉಸಾಬರಿ?”

“ಬರ್ಕೊಳ್ಳುತ್ತೆ ತಾತ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ಯಂತ್ರ ಗುಡುಗ್ತಾ ಇರುತ್ತೆ, ಮೇಷ್ಟ್ರು ಚೂಟಿ ಥರ ಬಾಯಲ್ಲಿ ಸ್ಕ್ರೂ ಕಚ್ಕೊಂಡು ಮಾತಾಡ್ತಾರೆ. ಕಂಪ್ಯೂಟರ್ ಬರೆದಿದ್ದನ್ನ ಓದಿ ಯಂತ್ರ ಬಿಚ್ಚಿದ್ರೆ, ವಾಪಸ್ ಜೋಡ್ಸೋಕೆ ಇನ್ನೊಂದು ಜನ್ಮ ಬೇಕು.”

ಚೂಟಿ ಇಬ್ಬರ ತುಟಿಗಳನ್ನೂ ಪಿಳಿಪಿಳಿ ನೋಡುತ್ತಿದ್ದವಳು, ಲೈಬ್ರರಿ ಅಕ್ಕನ ಫೋನು ಕಸಿದುಕೊಂಡಳು. ಪಾಠಗಳ ಪಟ್ಟಿಯಲ್ಲಿ ಕೆಲವು ಆಗಲೇ ಮುಗಿದಿದ್ದವು. ಅವಳು ಅಲ್ಲೇ ನಿಂತು, ಮೋಟಾರಿನ ಪಾಠದ ಕೆಳಗೆ ಓಡುವ ಅಕ್ಷರಗಳನ್ನು ಓದತೊಡಗಿದಳು. ಮೇಷ್ಟ್ರು ಬೆನ್ನು ತಿರುಗಿಸಿದರು. ಅಕ್ಷರ ಮಾತ್ರ ನಿಲ್ಲದೆ ಓಡುತ್ತಲೇ ಇತ್ತು. ಚೂಟಿಯ ಮುಖ ಅರಳಿದ್ದನ್ನು ತಾತ ನೋಡಿದರು, ನೋಡಿಯೂ ನೋಡದವರಂತೆ ಕನ್ನಡಕ ಒರೆಸಿಕೊಂಡರು. ಆದರೆ ಬೇರಿಂಗ್ ಪಾಠದ ಮುಂದೆ ಏನೂ ಇರಲಿಲ್ಲ. ಅದನ್ನು ಇನ್ನೂ ಯಾರೂ ತೆಗೆದುಕೊಂಡಿರಲಿಲ್ಲ.

“ಕೈ ಸಾಲ್ತಿಲ್ಲ,” ಅಂದಳು ಲೈಬ್ರರಿ ಅಕ್ಕ. “ಬೇಗ ಟೈಪ್ ಮಾಡೋರು ಯಾರಾದ್ರೂ ಇದ್ರೆ...” ಎಂದು ಹೇಳಿ, ಮುಂದಿನದನ್ನು ಹೇಳದೆ ತಾತನ ಬೆರಳುಗಳನ್ನೇ ನೋಡಿದಳು.

ನೋಡಿದ್ದು ಸುಮ್ಮನೆ ಅಲ್ಲ. ತಾತ ನಿವೃತ್ತ ಟೈಪಿಸ್ಟ್. ದೊಡ್ಡ ಕಚೇರಿಯಲ್ಲಿ ಸಾಹೇಬರು ಹೇಳುತ್ತಾ ಹೋದಂತೆ ಟೈಪು ಮಾಡಿ, ಮಾತು ಮುಗಿಯುವಷ್ಟರಲ್ಲಿ ಕಾಗದ ಎಳೆದು ಕೊಡುತ್ತಿದ್ದವರು. ಅವರ ಪುಟದಲ್ಲಿ ತಪ್ಪು ಹುಡುಕಿದವರಿಲ್ಲ. ಸಾಹೇಬರು ಬದಲಾದರೂ ತಾತನ ಕುರ್ಚಿ ಬದಲಾಗಲಿಲ್ಲ.

“ತಾತಾ,” ಎಂದಳು ಚೂಟಿ. ಅಷ್ಟೇ ಅಂದಿದ್ದು.

“ಆಯ್ತು ಆಯ್ತು, ಹಾಗೆ ನೋಡ್ಬೇಡ. ಲ್ಯಾಪ್‌ಟಾಪ್ ತಗೊಂಡ್ ಬಾ,” ಎಂದು ತಾತ ಅಂಗಿಯ ತೋಳು ಮಡಚಿದರು.

ಲೈಬ್ರರಿ ಅಕ್ಕ ಪಕ್ಕದಲ್ಲಿ ಕೂತು ಎಲ್ಲ ತೋರಿಸಿದಳು. ವಿಡಿಯೋ ನಿಲ್ಲಿಸುವುದು ಹೇಗೆ, ಹಿಂದಕ್ಕೆ ತರುವುದು ಹೇಗೆ. “ನಿಯಮ ಸುಲಭ ತಾತ. ಕೇಳಿಸಿದ್ದನ್ನೆಲ್ಲ ಬರೀಬೇಕು. ಕೇಳಿಸದೇ ಇದ್ದಿದ್ದನ್ನ ಊಹೆ ಮಾಡಿ ಬರೀಬಾರ್ದು. ಸ್ಪಷ್ಟ ಇಲ್ಲ ಅಂತ ಗುರುತು ಹಾಕಿ ಮುಂದೆ ಹೋಗಿ, ತಿದ್ದೋರು ನೋಡ್ಕೋತಾರೆ.”

“ಗೊತ್ತಮ್ಮ ಗೊತ್ತು. ನನಗೇ ಟೈಪಿಂಗ್ ಹೇಳ್ಕೊಡ್ತೀಯಾ?” ಎಂದು ತಾತ ಅವಳನ್ನು ಎಬ್ಬಿಸಿ ಕಳಿಸಿದರು.

ಮಧ್ಯಾಹ್ನ ಅಂಗಡಿಯಲ್ಲಿ ಇಸ್ತ್ರಿಯ ಆವಿ, ಸೋಪಿನ ವಾಸನೆ. ಮಡಚಿಟ್ಟ ಟವೆಲುಗಳ ನಡುವೆ ಲ್ಯಾಪ್‌ಟಾಪಿಗೆ ಜಾಗ ಮಾಡಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಾತ ಕೂತರು. ಬೆರಳುಗಳು ಹಳೆಯ ಹುರುಪಿನಲ್ಲಿ ಓಡಿದವು. ಸಂಜೆ ಚಹಾ ಬರುವ ಮೊದಲೇ ಕೆಲಸ ಮುಗಿಸಿ, “ಬಾಮ್ಮ, ನೋಡು ನಿನ್ನ ಪಾಠ!” ಎಂದು ಚೂಟಿಯ ಭುಜ ತಟ್ಟಿದರು.

ಚೂಟಿ ಕೈ ಒರೆಸಿಕೊಂಡು ಓಡಿ ಬಂದಳು. ಪರದೆಯ ಮೇಲೆ ಅಕ್ಷರಗಳು ಕವಾಯತಿಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದವು. ಅವಳು ಗಟ್ಟಿಯಾಗಿ ಓದಿದಳು. “ಬೇರಿಂಗ್ ಸವೆದಿರುವುದನ್ನು, ಅದರಿಂದ ಹೊರಡುವ ಶಬ್ದವನ್ನು ಆಲಿಸಿ ಪತ್ತೆ ಹಚ್ಚತಕ್ಕದ್ದು. ತದನಂತರ ಮುಂದಿನ ಕ್ರಮ ಕೈಗೊಳ್ಳತಕ್ಕದ್ದು.”

ಇನ್ನೊಮ್ಮೆ ಓದಿದಳು, ಈ ಸಲ ಮೆಲ್ಲಗೆ. ಚೂಟಿ ಮೆಲ್ಲಗೆ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

“ಆಲಿಸಿ ಪತ್ತೆ ಹಚ್ಚತಕ್ಕದ್ದು. ಹಾಗಾದ್ರೆ ಇದು ನನಗೆ ಹೇಳಿದ್ದಲ್ಲ ತಾತ.”

ಹೋಗಿ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿದಳು. “ಅಮ್ಮ, ನಾಳೆಯಿಂದ ಇಸ್ತ್ರಿ ನಾನು ಮಾಡ್ತೀನಿ. ಇಸ್ತ್ರಿಗೆ ಕಿವಿ ಬೇಕಾಗಲ್ಲ,” ಅಂದಳು. ಅಮ್ಮ ತಾತನ ಮುಖ ನೋಡಿದಳು. ತಾತ ಲ್ಯಾಪ್‌ಟಾಪ್ ಮುಚ್ಚಿಟ್ಟರು. ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿದ್ದೇನೆ, ನನ್ನದೇನು ತಪ್ಪು ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಕೊಂಡರೂ ಸಮಾಧಾನ ಆಗಲಿಲ್ಲ.

ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಅವರ ಪುಟ ವಾಪಸ್ ಬಂದಿತ್ತು! ಕೆಳಗೆ ಒಂದು ಒಕ್ಕಣೆ: “ನಮಸ್ಕಾರ. ಟೈಪಿಂಗ್ ಬಹಳ ಚೆಂದ ಇದೆ. ಆದರೆ ನಡುವೆ ಮೇಷ್ಟ್ರು ಹೇಳುವ ಕಥೆ ಪೂರ್ತಿ ಬಿಟ್ಟುಹೋಗಿದೆ. ಅವರ ಮಾತಿನ ಧಾಟಿಯೂ ಬದಲಾಗಿದೆ. ದಯವಿಟ್ಟು ಇನ್ನೊಮ್ಮೆ ಕೇಳಿ ಸೇರಿಸುತ್ತೀರಾ? ಇಂತಿ, ಹಲ್ಲಮ್ಮ.”

ತಾತನ ಮುಖ ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಯಿತು. “ಹಲ್ಲಮ್ಮ! ಯಾರೀ ಹಲ್ಲಮ್ಮ? ದೊಡ್ಡ ದೊಡ್ಡ ಸಾಹೇಬರು ಕಣ್ಣು ಮುಚ್ಕೊಂಡು ಸಹಿ ಹಾಕ್ತಿದ್ದ ಪುಟ ಟೈಪ್ ಮಾಡಿದ ಕೈ ಇದು. ನನ್ನ ಪುಟ ವಾಪಸ್ ಕಳಿಸ್ತಾಳಾ?” ಎಂದು ಚಪ್ಪಲಿ ಮೆಟ್ಟಿ ನೇರ ಲೈಬ್ರರಿಗೆ ಹೊರಟರು. ಲ್ಯಾಪ್‌ಟಾಪ್ ಕಂಕುಳಲ್ಲೇ ಇತ್ತು.

ಲೈಬ್ರರಿ ಅಕ್ಕ ಪುಸ್ತಕಗಳ ಧೂಳು ಹೊಡೆಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ನಗು ತಡೆದುಕೊಂಡು ಹೇಳಿದಳು. “ಹಲ್ಲಮ್ಮ ಅಂದ್ರೆ ಹಲ್ಲಿನ ಡಾಕ್ಟರು ತಾತ. ಗುಂಪಿನಲ್ಲಿ ಇಟ್ಕೊಂಡಿರೋ ಹೆಸರು ಅದು. ಒಬ್ಬ ರೋಗಿ ಎದ್ದು ಇನ್ನೊಬ್ಬ ರೋಗಿ ಬರೋ ಮಧ್ಯೆ ಕೂತು ತಿದ್ದುತ್ತಾರೆ. ನನ್ನ ಪುಟಾನೂ ವಾಪಸ್ ಕಳಿಸಿದ್ದಾರೆ. ಅವರದನ್ನ ನಾನೂ ಕಳಿಸಿದ್ದೀನಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಒಬ್ಬರ ಕಿವಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತೆ, ಅದಕ್ಕೇ ತಾನೇ ಇಬ್ಬರು ಇರೋದು?”

“ನನ್ನ ಕಿವಿಗೆ ಏನೂ ತಪ್ಪಿಲ್ಲ.”

“ಸರಿ, ಹಾಕಿ ನೋಡೋಣ.”

ತಾತ ಹೆಡ್‌ಫೋನ್ ಹಾಕಿಕೊಂಡರು. ಬೆರಳುಗಳು ಕೀಲಿಗಳ ಮೇಲೆ ಕೂತವು. ಮೇಷ್ಟ್ರು ಬೇರಿಂಗಿನ ಸದ್ದಿನ ಬಗ್ಗೆ ಹೇಳಿ ಮುಗಿಸಿ, “ಅಂದ ಹಾಗೆ...” ಎಂದರು. ಆ ಮಾತು ಬಂದಿದ್ದೇ ತಡ, ತಾತನ ಹತ್ತೂ ಬೆರಳುಗಳು ಕೀಲಿಗಳಿಂದ ತಾವಾಗಿಯೇ ಮೇಲೆದ್ದವು. ತಲೆ ಕಿಟಕಿಯ ಕಡೆ ತಿರುಗಿತು. ಹೊರಗೆ ಒಬ್ಬ ಹೆಂಗಸು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಳು. ತಾತ ಅದನ್ನೇ ನೋಡುತ್ತಾ ಕೂತರು.

“ತಾತ, ಕೈ ಯಾಕೆ ಎತ್ತಿದ್ರಿ?”

ತಾತ ತಮ್ಮ ಕೈಗಳನ್ನೇ ಮೊದಲ ಸಲ ನೋಡುವವರಂತೆ ನೋಡಿಕೊಂಡರು. ಕಚೇರಿಯಲ್ಲಿ ಸಾಹೇಬರು ಪತ್ರ ಹೇಳುತ್ತಾ ಹೇಳುತ್ತಾ “ಅಂದ ಹಾಗೆ” ಎಂದರೆ, ಮುಂದಿನದು ಪತ್ರಕ್ಕೆ ಸೇರಿದ್ದಲ್ಲ ಎಂದೇ ಅರ್ಥ. ಮಗನ ಮದುವೆ, ಮಂಡಿನೋವು, ಬಾಡಿಗೆದಾರನ ಕಾಟ. ಆಗೆಲ್ಲ ಟೈಪಿಸ್ಟ್ ಕೈ ಎತ್ತಿಕೊಂಡು ಕಿಟಕಿ ನೋಡಬೇಕು. ಅದು ಮರ್ಯಾದೆ. ಕೇಳಿಸಿಕೊಂಡರೂ ಕೇಳಿಸಿಕೊಳ್ಳದ ಹಾಗೆ ಇರಬೇಕು. ವರ್ಷಗಟ್ಟಲೆ ಹಾಗೆ ಕೂತು ಕೂತು, ತಾತನಿಗೆ ನಿಜವಾಗಿಯೂ ಆ ಮಾತುಗಳು ಕೇಳಿಸುತ್ತಲೇ ಇರಲಿಲ್ಲ.

ವಿಡಿಯೋ ಹಿಂದಕ್ಕೆ ತಂದರು. ಈ ಸಲ ಕಿಟಕಿ ನೋಡಲಿಲ್ಲ.

ಮೇಷ್ಟ್ರು ಯಂತ್ರದ ಕಡೆ ತಿರುಗಿಕೊಂಡು, ಸ್ಕ್ರೂ ತಿರುಗಿಸುತ್ತಾ ಹೇಳುತ್ತಿದ್ದರು. “ಅಂದ ಹಾಗೆ, ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಕಿವಿ ಒಂಚೂರೂ ಕೇಳ್ತಿರ್ಲಿಲ್ಲ. ಆದ್ರೂ ನಮ್ಮೆಲ್ಲರಿಗಿಂತ ಮೊದಲು ಬೇರಿಂಗ್ ಹೋಗಿದ್ದನ್ನ ಹೇಳ್ತಿದ್ರು. ಹೇಗೆ ಅಂತೀರಾ? ಅಂಗೈ ಇಟ್ಟು. ಯಂತ್ರದ ಹೊರಮೈ ಮೇಲೆ ಮಾತ್ರ, ತಿರುಗೋ ಭಾಗದ ಹತ್ರ ಕೈ ತಗೊಂಡು ಹೋಗ್ಬೇಡಿ ಮತ್ತೆ. ಬೇರಿಂಗ್ ಚೆನ್ನಾಗಿದ್ರೆ ಬೆಕ್ಕಿನ ಬೆನ್ನು ಸವರಿದ ಹಾಗೆ ಒಂದೇ ಸಮ ನಡುಗುತ್ತೆ. ಸವೆದಿದ್ರೆ ಡಬ್ಬಿಯಲ್ಲಿ ಕಲ್ಲು ಹೊರಳಿದ ಹಾಗೆ ಅಂಗೈಗೆ ಕುಟ್ಟುತ್ತೆ. ಮುಂದೆ ಒಂದ್ಸಲ, ಹಿಂದೆ ಒಂದ್ಸಲ ಕೈ ಇಟ್ಟು ನೋಡಿ. ಎಲ್ಲಿ ಜಾಸ್ತಿ ಕುಟ್ಟುತ್ತೋ ಅಲ್ಲೇ ಕಳ್ಳ ಕೂತಿರ್ತಾನೆ. ಈಗ್ಲೂ ನಾನು ಗಲಾಟೆ ಇರೋ ಕಡೆ ಹಾಗೇ ಮಾಡೋದು.”

ತಾತ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣು ತುಂಬಿತ್ತು. “ಅಯ್ಯೋ, ಇಡೀ ಪಾಠದಲ್ಲಿ ನಮ್ಮ ಮಗುಗೆ ಬೇಕಾಗಿದ್ದು ಇದೊಂದೇ ಮಾತು ಕಣಮ್ಮ,” ಅಂದರು. “ಇದನ್ನೇ ಬಿಟ್ಟುಬಿಟ್ನಲ್ಲ ನಾನು!”

“ಈಗ ಸಿಕ್ತಲ್ಲ ತಾತ. ಬರೀರಿ.”

ಬರೆದರು. ಪತ್ತೆ ಹಚ್ಚತಕ್ಕದ್ದು, ಕ್ರಮ ಕೈಗೊಳ್ಳತಕ್ಕದ್ದು ಎಲ್ಲ ಅಳಿಸಿ ಮೇಷ್ಟ್ರ ಮಾತನ್ನು ಮೇಷ್ಟ್ರ ಬಾಯಿಂದ ಬಂದ ಹಾಗೇ ಬರೆದರು. ಬೆಕ್ಕೂ ಬಂತು, ಡಬ್ಬಿಯೂ ಬಂತು, ಕಳ್ಳನೂ ಬಂದ. ಸ್ಕ್ರೂ ಕೆಳಗೆ ಬಿದ್ದ ಸದ್ದನ್ನೂ ಬಿಡದೆ, ಸ್ಕ್ರೂ ಬಿದ್ದ ಸದ್ದು ಎಂದು ಪಕ್ಕದಲ್ಲಿ ಸೇರಿಸಿದರು. ಒಂದು ಕಡೆ ಮಾತು ಯಂತ್ರದ ಗುಡುಗಿನಲ್ಲಿ ಮುಳುಗಿಹೋಗಿತ್ತು. ಊಹಿಸಿ ಬರೆಯಲು ಬೆರಳು ತುರಿಸಿತು. ತಡೆದುಕೊಂಡು, ಸ್ಪಷ್ಟ ಇಲ್ಲ ಎಂಬ ಗುರುತು ಹಾಕಿದರು. ಆಮೇಲೆ ಹಲ್ಲಮ್ಮ ಅದನ್ನು ಮೂರು ಸಲ ಕೇಳಿ ಹಿಡಿದಳಂತೆ. ಮೇಷ್ಟ್ರು ಯಾರನ್ನೋ ಕರೆದು ಬಾಗಿಲು ಹಾಕಪ್ಪ ಅಂದಿದ್ದರಂತೆ.

ಅಂಗಡಿಗೆ ಬಂದಾಗ ಚೂಟಿ ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತಿದ್ದಳು. ತಾತ ಭುಜ ತಟ್ಟಿದರೂ ತಿರುಗಲಿಲ್ಲ. ಕೊನೆಗೆ ಲ್ಯಾಪ್‌ಟಾಪನ್ನು ದಿಂಬಿನ ಚೀಲದ ಮೇಲೇ ಇಟ್ಟುಬಿಟ್ಟರು.

ಅವಳು ಓದಿದಳು. ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಹೋಗಿ ಡೊಳ್ಳಪ್ಪನ ಸ್ವಿಚ್ಚು ಒತ್ತಿದಳು. ಅವನು ಗಡಗಡ ಎಂದ. ಚೂಟಿ ಮುಂದಿನ ತಗಡಿನ ಮೇಲೆ ಅಂಗೈ ಇಟ್ಟಳು. ಹಿಂದಕ್ಕೆ ಹೋಗಿ ಅಲ್ಲಿಟ್ಟಳು. ಮತ್ತೆ ಮುಂದೆ ಬಂದಳು, ಮತ್ತೆ ಹಿಂದೆ ಹೋದಳು. ಅಮ್ಮ ಕೈಯಲ್ಲಿದ್ದ ಟವೆಲನ್ನು ಮಡಚುವುದೋ ಬಿಡುವುದೋ ತಿಳಿಯದೆ ನಿಂತಿದ್ದಳು.

“ಹಿಂದಿಂದು!” ಚೂಟಿ ಕೂಗಿದ ಕೂಗಿಗೆ ಗಿರಾಕಿಯೊಬ್ಬರು ಚೀಲ ಕೆಳಗೆ ಹಾಕಿದರು. “ಅಮ್ಮ, ಹಿಂದಿನ ಬೇರಿಂಗ್ ಹೋಗಿದೆ! ಕುಟ್ಟುತ್ತೆ, ಕೈ ಇಟ್ಟು ನೋಡು! ತಾತ, ನೀನೂ ಇಡು!”

ತಾತ ಕೈ ಇಟ್ಟರು. ಅವರಿಗೆ ಏನೂ ತಿಳಿಯಲಿಲ್ಲ. “ಹೌದು ಹೌದು, ಕುಟ್ಟುತ್ತೆ,” ಅಂದರು.

“ಸುಳ್ಳು ಹೇಳ್ಬೇಡ, ನಿನ್ನ ಕೈ ಇರೋದು ಮುಂದಿನ ತಗಡಿನ ಮೇಲೆ,” ಎಂದು ಚೂಟಿ ನಕ್ಕಳು. ಸಾಮಾನಿನ ಪೆಟ್ಟಿಗೆ ಮತ್ತೆ ತೆರೆಯಿತು.

ಕೊನೆಗೂ ರಿಪೇರಿಯವನ ನಾಳೆ ಬಂತು. ಅವನು ಹಿಂದಿನ ಭಾಗ ಬಿಚ್ಚಿ, ಸವೆದ ಬೇರಿಂಗನ್ನು ಕೈಯಲ್ಲಿ ಹಿಡಿದು, “ನಿಮಗೆ ಮೊದಲೇ ಯಾರು ಹೇಳಿದ್ರು?” ಎಂದು ಕೇಳಿದ. ಅಮ್ಮ ಗದ್ದ ಎತ್ತಿ ಮಗಳ ಕಡೆ ತೋರಿಸಿದಳು. ಆ ಗತ್ತು ನೋಡಬೇಕಿತ್ತು ನೀವು.

ಪರೀಕ್ಷೆಯ ದಿನ ತಾತ ಬೀದಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾದರು. ಚೂಟಿ ದೂರದಿಂದಲೇ ಕೂಗುತ್ತಾ ಬಂದಳು, ಹಾಗಾಗಿ ಫಲಿತಾಂಶ ತಾತನಿಗಿಂತ ಮೊದಲು ತರಕಾರಿ ಅಂಗಡಿಯವರಿಗೆ ಗೊತ್ತಾಯಿತು. ಪರೀಕ್ಷೆಯ ಕೋಣೆಯಲ್ಲಿ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಓಡಿಸಿದ್ದರಂತೆ. ಬೇರೆಯವರೆಲ್ಲ ಆ ಗದ್ದಲದಲ್ಲಿ ಕಿವಿ ಕೊಟ್ಟು ಕೊಟ್ಟು ಒದ್ದಾಡುತ್ತಿದ್ದರಂತೆ. ಚೂಟಿಗೆ ಯಾವ ಗದ್ದಲ? ಅಂಗೈ ಇಟ್ಟಳು, ಹೇಳಿದಳು. ವೈರಿಂಗಿನಲ್ಲಿ ಒಂದೆರಡು ಅಂಕ ಹೋಯಿತು, ಇರಲಿ. ಪಾಸಾದಳು. ಎಲ್ಲಿ ಕಲಿತೆ ಎಂದು ಪರೀಕ್ಷಕರು ಕೇಳಿದ್ದಕ್ಕೆ, “ನಮ್ಮ ತಾತ ಬರೆದ್ರು, ಹಲ್ಲಮ್ಮ ತಿದ್ದಿದ್ರು,” ಅಂದಳಂತೆ. ಪಾಪ, ಅವರಿಗೆ ಏನು ಅರ್ಥವಾಯಿತೋ!

ತಾತ ಆ ದಿನ ಹಲ್ಲಮ್ಮನಿಗೆ ಒಂದು ಒಕ್ಕಣೆ ಬರೆದರು. “ಪುಟ ವಾಪಸ್ ಕಳಿಸಿದ್ದಕ್ಕೆ ಕೋಟಿ ನಮಸ್ಕಾರ. ಮುಂದೆಯೂ ಕಳಿಸುತ್ತಿರಿ.” ಜವಾಬು ಬಂತು. “ಖಂಡಿತ. ನಿಮ್ಮ ಹಲ್ಲು ಹೇಗಿದೆ?”

ಈಗ ಲಾಂಡ್ರಿಗೆ ಹೋದರೆ ನೋಡಿ, ಟವೆಲುಗಳ ನಡುವೆ ತಾತ ಕೂತಿರುತ್ತಾರೆ. ಕೇಳಿದರೆ ಲೆಕ್ಕದ ಪಾಠ, ಗಾಯಕ್ಕೆ ಪಟ್ಟಿ ಕಟ್ಟುವ ಪಾಠ, ಗಿಡಕ್ಕೆ ಕಸಿ ಮಾಡುವ ಪಾಠ ಎಂದು ಪಟ್ಟಿ ಒಪ್ಪಿಸುತ್ತಾರೆ. ಅನುಮಾನ ಪಡುವುದನ್ನು ಮಾತ್ರ ಬಿಟ್ಟಿಲ್ಲ, ಈಗ ತಮ್ಮ ಪುಟದ ಮೇಲೇ ಪಡುತ್ತಾರೆ.

ಓದುತ್ತಿರುವ ಅಣ್ಣ, ಅಕ್ಕ, ತಮ್ಮ, ತಂಗಿ, ಈಗ ನಿಮ್ಮ ಸರದಿ. ಕಿವಿ ಕೇಳದವರಿಗೆ ಮಾತ್ರ ಅಲ್ಲ, ಗದ್ದಲದ ಮನೆಯಲ್ಲಿ ಕೂತು ಓದುವವರಿಗೆ, ಭಾಷೆ ಹೊಸದಾಗಿ ಕಲಿಯುವವರಿಗೆ, ಒಮ್ಮೆ ಕೇಳಿದರೆ ತಲೆಗೆ ಹತ್ತದ ನಮ್ಮಂಥವರಿಗೆ ಎಲ್ಲರಿಗೂ ಬರೆದಿಟ್ಟ ಪಾಠ ಬೇಕು. ನಿಮಗೆ ಕಿವಿ ಕೇಳುತ್ತದೆ, ನಾಲ್ಕು ಸಾಲು ಟೈಪು ಮಾಡಲು ಬರುತ್ತದೆ ಅಂದರೆ ಸಾಕು. ವೇಗ ಇರಬೇಕೆಂದಿಲ್ಲ. ನಿಮ್ಮ ಹತ್ತಿರದ ಲೈಬ್ರರಿಯಲ್ಲೋ ಶಾಲೆಯಲ್ಲೋ ಇಂಥ ಗುಂಪು ಇದೆಯಾ ಎಂದು ವಿಚಾರಿಸಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ನೀವೇ ಶುರು ಮಾಡಿ, ಪಾಠ ಮಾಡಿದವರನ್ನು ಒಂದು ಮಾತು ಕೇಳಿಕೊಂಡು. ಮೊದಲು ಒಂದೇ ಒಂದು ತುಂಡು ತೆಗೆದುಕೊಳ್ಳಿ. ಕೇಳಿಸಿದ್ದನ್ನೆಲ್ಲ ಬರೆಯಿರಿ, ಕೇಳಿಸದ್ದನ್ನು ಊಹಿಸಬೇಡಿ, ಪುಟ ವಾಪಸ್ ಬಂದರೆ ಮುನಿಸಿಕೊಳ್ಳಬೇಡಿ. ನೀವೇ ಪಾಠ ಮಾಡುವವರಾದರೆ, ದಯವಿಟ್ಟು ಆಗಾಗ ಈ ಕಡೆ ತಿರುಗಿ ಮಾತಾಡಿ.

ಅಂದ ಹಾಗೆ ಎಂದು ಮೇಷ್ಟ್ರು ಶುರು ಮಾಡಿದರೆ ಮಾತ್ರ, ಬೆರಳು ಎತ್ತಬೇಡಿ. ಯಾರೋ ಒಬ್ಬಳು ಆ ಮಾತಿಗೇ ಕಾದು ಕೂತಿರುತ್ತಾಳೆ.